ಕೈ ಮುಗಿದ ಗೋಲು

ಗಂಡನಿಗೆ ಹೊಸ ತಂಡ ಸಿಕ್ಕಿತೆಂದರೆ ಅವಳು ಮೊದಲು ಕೇಳುವುದು, ಅಲ್ಲಿನ ಮನೆಯ ಕಿಟಕಿ ಎಷ್ಟು ಉದ್ದವಿದೆ ಎಂದು. ತವರಿನವರು ಕೊಟ್ಟ ಹಳದಿ ಪರದೆಗಳು ಊರೂರು ಸುತ್ತಿದ್ದವು. ಒಂದು ಮನೆಯಲ್ಲಿ ನೆಲ ಗುಡಿಸುತ್ತಿದ್ದವು, ಇನ್ನೊಂದರಲ್ಲಿ ಗಿಡ್ಡ ಲಂಗದಂತೆ ಮೇಲೇರಿ ಮಾನ ಕಳೆಯುತ್ತಿದ್ದವು. ಪ್ರತಿ ಸಲ ಅಂಚು ಬಿಚ್ಚಿ, ಬೇರೆ ಅಳತೆಗೆ ಮಡಿಸಿ, ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಿದ್ದಳು. ಮತ್ತೆ ಬಿಚ್ಚಲು ಸುಲಭವಾಗಬೇಕಲ್ಲ! ಹಳೆಯ ಮಡಿಕೆಗಳ ಗೆರೆ ಮಾತ್ರ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಗಂಡ ಫುಟ್‌ಬಾಲ್ ಆಟಗಾರ. ಗೋಲು ಹೊಡೆಯುವುದೇ ಅವನ ಕೆಲಸ. ಎಲ್ಲ ತಂಡಕ್ಕೂ ಬೇಕೆನಿಸುವಷ್ಟು ಒಳ್ಳೆಯವನು, ಯಾವ ತಂಡವೂ ಬಿಟ್ಟಿರಲಾರದಷ್ಟು ಒಳ್ಳೆಯವನಲ್ಲ, ಅಷ್ಟೆ.

ಈ ಊರಲ್ಲಿ ಮಗಳಿಗೆ ಜೀವದ ಗೆಳತಿಯೊಬ್ಬಳು ಸಿಕ್ಕಿದ್ದಳು. "ಈ ಸಲ ನಾನು ಎಲ್ಲಿಗೂ ಬರಲ್ಲ. ಪರದೆ ಜೊತೆ ನೀವಿಬ್ರೇ ಹೋಗಿ" ಎಂದುಬಿಟ್ಟಿದ್ದಳು ಮಗಳು. ಅಪ್ಪನನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದೋ ಬಿಡುವುದೋ, ಕೊನೆಯ ಪಂದ್ಯ ನೋಡಿ ಹೇಳುತ್ತೇನೆ ಎಂದಿದ್ದರು ಕೋಚ್.

"ರೀ, ಇವತ್ತು ಗೋಲು ಹೊಡೆದ್ರೆ ಒಂಚೂರು ಕುಣೀರಿ" ಎಂದಳು ಅವಳು, ಬೆಳಿಗ್ಗೆ ಅವನ ಕಾಲುಚೀಲ ಹುಡುಕಿಕೊಡುತ್ತಾ. "ನಿಮ್ಮ ಮುಖ ನೋಡಿದ್ರೆ ಯಾರೋ ತೀರಿಕೊಂಡಿದಾರೆ ಅನ್ಸತ್ತೆ."

"ಏನ್ ಮಾಡ್ಲಿ ಕಣೇ? ಯಾವ ಪಂದ್ಯಕ್ಕೆ ಹೋದ್ರೂ ಎದುರಿಗೆ ನಿಂತಿರೋರೆಲ್ಲ ನನ್ನ ಹಳೇ ತಂಡದವರೇ!"

ಹಳೆಯ ತಂಡದ ಮೇಲೆ ಗೋಲು ಹೊಡೆದರೆ ಸಂಭ್ರಮಿಸಬಾರದು ಎಂಬುದು ಆಟಗಾರರ ನಡುವಿನ ಮರ್ಯಾದೆ. ಅಷ್ಟೊಂದು ತಂಡ ಬದಲಿಸಿದವನಿಗೆ ಕುಣಿಯಲು ಎದುರಾಳಿಗಳೇ ಉಳಿದಿರಲಿಲ್ಲ.

ಪಂದ್ಯ ಇನ್ನೇನು ಮುಗಿಯಿತು ಎನ್ನುವಾಗ ಚೆಂಡು ಅವನ ಮೊಣಕಾಲಿಗೆ ತಗುಲಿ ಬಲೆಯೊಳಗೆ ನುಗ್ಗಿತು. ಮೈದಾನಕ್ಕೆ ಮೈದಾನವೇ ಎದ್ದು ಕೂಗಿತು. ಅವನು ಮಾತ್ರ ತಲೆ ತಗ್ಗಿಸಿ, ಎದುರಾಳಿಗಳ ನೀಲಿ ಅಂಗಿ ತೊಟ್ಟು ಕೂತಿದ್ದ ಅಭಿಮಾನಿಗಳ ಕಡೆ ತಿರುಗಿ, ಕೈ ಮುಗಿದ. ಅವರು ಮುಖಮುಖ ನೋಡಿಕೊಂಡರು.

"ಅಯ್ಯೋ ದೇವರೇ!" ಮೇಲೆ ಮಗಳ ಪಕ್ಕ ಕೂತಿದ್ದ ಅವಳು ಹಣೆ ಹಿಡಿದುಕೊಂಡಳು. "ಈ ತಂಡದಲ್ಲಿ ನಿಮ್ಮಪ್ಪ ಆಡೇ ಇಲ್ಲ ಕಣೇ!"

ಆಟ ಮುಗಿದು ತಾಯಿ ಮಗಳು ಕೆಳಗಿಳಿದು ಬರುವಷ್ಟರಲ್ಲಿ ಕೋಚ್ ಅವನನ್ನು ಆಟಗಾರರು ಒಳಹೋಗುವ ಓಣಿಯಲ್ಲೇ ನಿಲ್ಲಿಸಿಕೊಂಡಿದ್ದರು.

"ಗೆಲ್ಸಿದೆ, ಸಂತೋಷ. ಅವರಿಗ್ಯಾಕಪ್ಪ ಕೈ ಮುಗಿದೆ? ಮುಂದಿನ ವರ್ಷ ಅಲ್ಲಿಗೆ ಹೋಗೋಕೆ ಒಳಗೊಳಗೇ ಮಾತಾಡ್ಕೊಂಡಿದೀಯಾ?"

"ಇಲ್ಲ ಸಾರ್, ಹಳೇ ತಂಡ ಅಂತ..."

"ಹಳೇ ತಂಡನಾ? ಇಲ್ಲಿಗೆ ಬರೋ ಮುಂಚೆ ಅಲ್ಲಿ ನಾನೇ ಕೋಚ್ ಆಗಿದ್ದೆ! ನೀನು ಎಲ್ಲಿ ಅಡಗಿದ್ದೆ?"

ಅವನು ಬೆರಳು ಮಡಿಸಿ ತಂಡಗಳನ್ನು ಎಣಿಸತೊಡಗಿದ. ಅವಳು ಮುಂದೆ ಬಂದಳು.

"ಸಾರ್, ಇವರಿಗೆ ಊರು ನೆನಪಿರಲ್ಲ, ನಂಗಿರತ್ತೆ. ಆ ಊರಲ್ಲಿ ನಾವು ಮನೆ ಮಾಡಿದ್ದಿದ್ರೆ ನಮ್ಮನೆ ಪರದೆ ಮೇಲೆ ಒಂದು ಗೆರೆ ಇರ್ತಿತ್ತು. ಇವರು ಆಡಿದ್ದು ನೀಲಿ ಅಂಗೀದೇ ಇನ್ನೊಂದು ತಂಡಕ್ಕೆ. ರೀ, ಅಡುಗೆಮನೆ ಹಿಂದೆ ರೈಲು ಹೋಗ್ತಿತ್ತಲ್ಲ, ಆ ಊರು."

"ಹೌದಲ್ವಾ!" ಎಂದ ಅವನು.

"ಇಲ್ಲಿಂದ ಹೋಗೋ ಯೋಚನೆ ಇದ್ದಿದ್ರೆ ಇಷ್ಟು ಹೊತ್ತಿಗೆ ನಾನು ಪರದೆ ಅಂಚು ಬಿಚ್ಚಿರ್ತಿದ್ದೆ, ಸಾರ್."

"ಬಿಚ್ಚೋಕೆ ನಾನು ಬಿಡಲ್ಲ" ಎಂದಳು ಮಗಳು.

ಕೋಚ್ ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಗೋಡೆಗೊರಗಿ ನಕ್ಕರು.

"ಇನ್ನೊಂದು ವರ್ಷ ಪರದೆ ಅಲ್ಲೇ ಇರ್ಲಿ, ತಾಯಿ. ಆದ್ರೆ ಲೇ, ಇನ್ಮೇಲೆ ಗೋಲು ಹೊಡೆದ ತಕ್ಷಣ ಮನೆಯವರ ಕಡೆ ನೋಡು. ಅವರು ಹೂಂ ಅಂದ್ರೆ ಕುಣಿ."

ಸಂಜೆ ಅವಳು ಪರದೆಯ ಅಂಚನ್ನು ಗಟ್ಟಿಯಾಗಿ ಹೊಲಿಯಲು ಸೂಜಿ ದಾರ ಹಿಡಿದು ಕಿಟಕಿಯ ಬಳಿ ಕೂತಳು.

"ಒಳಗೆ ಮಡಿಸಿರೋ ಮಿಕ್ಕ ಬಟ್ಟೆ ಕತ್ತರಿಸಿಬಿಡ್ತೀಯಾ?" ಎಂದ ಗಂಡ.

"ಒಂದೇ ವರ್ಷ ತಾನೇ? ಅಷ್ಟೊಂದು ನಂಬಿಕೆ ನಿಮ್ಮ ಮೇಲಿಲ್ಲ."

ಹಾಗೆಂದರೂ ಈ ಸಲ ಹೊಲಿಗೆಗಳನ್ನು ಚಿಕ್ಕಚಿಕ್ಕದಾಗಿ, ಒತ್ತೊತ್ತಾಗಿ ಹಾಕಿದಳು. ಹಿಂದಿನಿಂದ ಮಗಳು ಅಪ್ಪನಿಗೆ ಕುಣಿಯುವುದನ್ನು ಕಲಿಸುತ್ತಿರುವುದು ಕೇಳಿಸುತ್ತಿತ್ತು.

"ಕೈ ಮೇಲೆತ್ತಪ್ಪಾ! ಅಯ್ಯೋ, ಮುಗೀಬೇಡ, ಎತ್ತು!"