ಹತ್ತನೆಯ ಸಂದರ್ಶನ

ಮೂರನೆಯ ಮಹಡಿಯ ಮುದುಕ ಸಂಜೆ ನಾಲ್ಕರೊಳಗೆ ನಿಜವಾಗಲೇಬೇಕಿತ್ತು. ಈಗಾಗಲೇ ಹತ್ತೂವರೆ. ಅವಳು ಟ್ರಾಮಿನ ಕಂಬ ಹಿಡಿದು ನಿಂತು, ಅವನೆದುರು ಆಡಬೇಕಾದ ಮಾತನ್ನು ಈ ದೇಶದ ಭಾಷೆಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಈ ಹುಡುಗಿ ಮೊದಲೇ ಬಂದಿದ್ದಳು ಅಂತ ಒಂದು ಮಾತು ಹೇಳಿಬಿಡಿ, ನಿಮ್ಮ ಗಂಟೇನು ಹೋಗುತ್ತದೆ. ಗಂಟಿನ ಮಾತು ಮಾತ್ರ ಈ ಭಾಷೆಯಲ್ಲಿ ಹೇಳಲು ಬರಲಿಲ್ಲ.

ಅವನನ್ನು ಅವಳು ಕಂಡೇ ಇರಲಿಲ್ಲ. ಆದರೆ ಅವನ ಬಗ್ಗೆ ಒಂಬತ್ತು ಪುಟ ಬರೆದು ಕೊಟ್ಟಿದ್ದಳು.

ಒಂಟಿಯಾಗಿ ಬದುಕುವವರು ಎಂಬುದು ಅವಳ ಸಂಶೋಧನೆಯ ವಿಷಯ. ಚೀಟಿ ಎತ್ತಿ ಆರಿಸಿದ ಹತ್ತು ಮನೆಗೆ ಹೋಗಿ, ಒಬ್ಬೊಬ್ಬರೆದುರೂ ಅರ್ಧ ಗಂಟೆ ಕೂತು, ಅವರು ಆಡಿದ್ದನ್ನು ಬರೆದುಕೊಳ್ಳಬೇಕು. ಹೊಸಬರೆದುರು ಅವಳಿಗೆ ನಾಲಿಗೆ ಏಳುವುದಿಲ್ಲ. ಬಾಗಿಲು ತಟ್ಟುವ ಮೊದಲೇ ಅಂಗೈ ಬೆವರುತ್ತದೆ. ಅಂಥವಳಿಗೆ ಈ ಉಸಾಬರಿ ಯಾಕೆ ಬೇಕಿತ್ತೋ. ಹೇಗೋ ಒಂಬತ್ತು ಮನೆ ಮುಗಿಸಿದಳು. ಹತ್ತನೆಯದು ಈ ಮುದುಕನದು. ಮೂರು ಸಲ ಹೋಗಿ ಮೂರು ಸಲವೂ ಹಾಗೇ ಇಳಿದು ಬಂದಳು. ಮೂರನೆಯ ಸಲ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಬರೆಯಲು ಕೂತಳು.

ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ. 'ದನಿ ಇದೆಯೋ ಇಲ್ಲವೋ ನೋಡಿಕೊಳ್ಳೋಕೆ ದಿನಾ ಅಂಗಡಿಗೆ ಹೋಗಿ ಬೇಡದ ಸಾಮಾನಿನ ಬೆಲೆ ಕೇಳಿ ಬರ್ತೀನಿ' ಎಂದು ಪುಟದೊಳಗಿನ ಮುದುಕ ಹೇಳಿದ. ಅದು ಅವಳೇ ದಿನಾ ಮಾಡುತ್ತಿದ್ದ ಕೆಲಸ. ಪ್ರಾಧ್ಯಾಪಕಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು.

"ಇದನ್ನ ಕಟ್ಟಿ ಹೇಳೋಕೆ ಯಾರಿಂದಲೂ ಆಗಲ್ಲ" ಎಂದಿದ್ದರು.

ಹತ್ತು ಜನರಲ್ಲಿ ಒಬ್ಬರನ್ನು ಮಾರ್ಗದರ್ಶಕರೇ ಜೊತೆಗೆ ಬಂದು ಕಾಣುವುದು ಅಲ್ಲಿಯ ಪದ್ಧತಿ. ಒಂಬತ್ತು ಜನ ಸಾಚಾ ಮನುಷ್ಯರನ್ನು ಬಿಟ್ಟು ಪ್ರಾಧ್ಯಾಪಕಿ ಇವನನ್ನೇ ಆರಿಸಿದರು, ಅದೂ ಇವತ್ತು ಸಂಜೆ ನಾಲ್ಕಕ್ಕೆ. ಸುಳ್ಳು ಸಿಕ್ಕಿಬಿದ್ದರೆ ವಿಶ್ವವಿದ್ಯಾಲಯದಿಂದ ಹೆಸರು ಹೊಡೆದುಹಾಕುತ್ತಾರೆ. ಹದಿನೈದು ದಿನದಲ್ಲಿ ಗಂಟುಮೂಟೆ ಕಟ್ಟಬೇಕು.

ಫೋನ್ ಬಂತು. ಊರಿಂದ ಅಕ್ಕ.

"ಏನಮ್ಮಾ ಡಾಕ್ಟರಮ್ಮ, ತಿಂಡಿ ಆಯ್ತಾ?"

"ಆಯ್ತು." ಆಗಿರಲಿಲ್ಲ.

"ನಿಮ್ಮ ಭಾವ ಈಗಲೇ ಬಾಗಿಲಿಗೆ ನಿನ್ನ ಹೆಸರಿನ ಬೋರ್ಡು ಬರೆಸ್ತೀನಿ ಅಂತ ಕುಣೀತಿದ್ದಾರೆ. ಡಾಕ್ಟರ್ ಅಂತ ಹಾಕಿಸಿದ್ರೆ ಬೀದೀಲಿರೋ ಹಲ್ಲುನೋವಿನವರೆಲ್ಲ ಬಂದು ನಿಲ್ತಾರೆ, ನೀವೇ ಕಿತ್ತು ಕಳಿಸಿ ಅಂದೆ."

"ಅಕ್ಕಾ."

"ಹೇಳು."

"ಏನಿಲ್ಲ. ಇಳಿಯೋ ಜಾಗ ಬಂತು."

ಇನ್ನೂ ಎರಡು ನಿಲ್ದಾಣ ಬಾಕಿಯಿತ್ತು.

ಕಟ್ಟಡದ ಮೊದಲ ಮೆಟ್ಟಿಲಲ್ಲಿ ಹೆಂಗಸೊಬ್ಬಳು ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಕೆಳಗಿನ ಮನೆಯವಳು, ಮೆಟ್ಟಿಲು ಗುಡಿಸಿ ಒರೆಸುವುದು ಅವಳ ಕೆಲಸ.

"ಯಾರ ಮನೆಗೆ?"

"ಮೂರನೇ ಮಹಡಿ. ಆ ಯಜಮಾನರನ್ನ ನೋಡಬೇಕಿತ್ತು."

"ತೀರಿಕೊಂಡ್ರಲ್ಲ. ಹೋದ ತಿಂಗಳು. ಬಿದ್ದು ಎರಡು ದಿನ ಆದ್ಮೇಲೆ ಗೊತ್ತಾಯ್ತು. ಹಿಂದಿಲ್ಲ ಮುಂದಿಲ್ಲ, ಪಾಪ. ಇವತ್ತು ಮಧ್ಯಾಹ್ನದ ಮೇಲೆ ಸಾಮಾನು ಖಾಲಿ ಮಾಡ್ತಾರೆ."

ಅವಳಿಗೆ ಹೋದ ಜೀವ ಬಂದಂತಾಯಿತು. ಸತ್ತವನು ಎದ್ದು ಬಂದು, ನಾನು ಹಾಗೆ ಹೇಳೇ ಇಲ್ಲ ಅನ್ನುವುದಿಲ್ಲ. ಅದು ಹೊಳೆದ ಮೇಲೆಯೇ ಅವಳ ಬಾಯಿಂದ 'ಅಯ್ಯೋ' ಎಂದು ಬಂದದ್ದು. ಹೆಂಗಸು ತಲೆಯಾಡಿಸಿ ಎರಡನೆಯ ಮೆಟ್ಟಿಲು ಒರೆಸತೊಡಗಿದಳು.

ಪ್ರಾಧ್ಯಾಪಕಿಗೆ ಫೋನ್ ಮಾಡಿ ಹೇಳಿದಳು.

"ನಾಲ್ಕಕ್ಕೆ ಬಂದೇ ಬರ್ತೀನಿ. ಆ ಮನೆಯನ್ನಾದ್ರೂ ನೋಡಬೇಕು ನಾನು."

ಬರಲಿ. ಖಾಲಿ ಗೋಡೆ ಯಾವ ಸಾಕ್ಷಿ ಹೇಳೀತು?

ಬಂದು ಹದಿನಾಲ್ಕು ತಿಂಗಳಾದರೂ ಅವಳು ಈ ಊರನ್ನು ತಲೆಯೆತ್ತಿ ನೋಡಿರಲಿಲ್ಲ. ಅಂದು ನೋಡಿದಳು. ಸೇತುವೆಯ ಕಬ್ಬಿಣದ ಕಟಾಂಜನ ಬಿಸಿಲಿಗೆ ಬೆಚ್ಚಗಾಗಿತ್ತು. ಚೌಕದಲ್ಲಿ ಕಂಚಿನ ಕುದುರೆಯ ಮೇಲೆ ಯಾರೋ ದೊರೆ. ಕುದುರೆಯ ತೆರೆದ ಬಾಯಲ್ಲಿ ಪಾರಿವಾಳ ಸಂಸಾರ ಹೂಡಿತ್ತು. ಅವಳಿಗೆ ನಗು ಬಂತು. ಹೋಟೆಲಿಗೆ ನುಗ್ಗಿ, ಕೈಸನ್ನೆ ಮಾಡದೆ ಬಾಯಿಬಿಟ್ಟೇ ಕೇಳಿ, ಹೊಟ್ಟೆತುಂಬ ತಿಂದಳು. ಸಾವಿನ ಸುದ್ದಿ ಕೇಳಿದ ದಿನವೇ ಹೀಗೆ ಹಸಿವಾಗಬೇಕೇ ಎಂದು ನಾಚಿಕೆಯಾಯಿತು. ಆದರೂ ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ನಾಲ್ಕಕ್ಕೆ ಮನೆಯೆದುರು ವ್ಯಾನು ನಿಂತಿತ್ತು. ಇಬ್ಬರು ಆಳುಗಳು ಮಂಚದ ಹಲಗೆ, ಹಾಸಿಗೆ, ಒಂದು ಬಕೆಟ್ಟು ತಂದು ಹೊರಗೆ ಪೇರಿಸುತ್ತಿದ್ದರು. ಪ್ರಾಧ್ಯಾಪಕಿ ಕಪ್ಪು ಕೋಟು ತೊಟ್ಟು ಬಂದಿದ್ದರು. ಕಾಣದ ಮನುಷ್ಯನಿಗಾಗಿ ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಲಾಗದೆ ಅವಳು ನೆಲ ನೋಡಿದಳು.

ಗುಡಿಸುವಾಕೆ ಬಾಗಿಲಲ್ಲಿ ನಿಂತಿದ್ದಳು. ಪ್ರಾಧ್ಯಾಪಕಿ ತಾವಾಗಿ ಹೋಗಿ ಮಾತಾಡಿಸಿದರು.

"ಅವರ ಹತ್ತಿರ ಕೊನೇ ಸಲ ಕೂತು ಮಾತಾಡಿದವಳು ಇವಳೇ ಇರಬೇಕು. ಹೋದ ತಿಂಗಳು ಒಂಬತ್ತನೇ ತಾರೀಕು."

"ಒಂಬತ್ತು?" ಹೆಂಗಸಿನ ಮುಖ ಬಣ್ಣಗೆಟ್ಟಿತು. "ಅವತ್ತೇ ಅಲ್ವಾ ಅವರು ಬಿದ್ದಿದ್ದು. ಮೂರು ಗಂಟೆ ಸುಮಾರಿಗೆ ಮೇಲೆ ದಡ್ ಅಂತು. ಆಮೇಲೆ ಕೂಗಿದ ಹಾಗೂ ಆಯ್ತು. ಹೋಗಿ ನೋಡೋಣ ಅಂತ ಪೊರಕೆ ಕೆಳಗಿಟ್ಟೆ. ಅಷ್ಟರಲ್ಲಿ ಹುಡುಗಿಯೊಬ್ಬಳು ಇಳಿದು ಬಂದಳು. ಇವರೇ, ಬೆಳಿಗ್ಗೆ ಗುರುತು ಹತ್ತಲಿಲ್ಲ. ಏನಾದ್ರೂ ಆಗಿದ್ರೆ ಹೇಳ್ತಿದ್ದರಲ್ಲ ಅಂದ್ಕೊಂಡು ಸುಮ್ಮನಾದೆ."

ಕೇಳಿಸಿತ್ತು. ಅವಳಿಗೂ ಕೇಳಿಸಿತ್ತು. ಆ ಮೂರನೆಯ ಸಲ ಬಾಗಿಲು ತಟ್ಟಿದಾಗ ಒಳಗೆ ಯಾರೋ ಏಳಲು ಹೊರಟ ಸದ್ದು, ಆಮೇಲೆ ಭಾರವಾದದ್ದೇನೋ ಉರುಳಿದ ಸದ್ದು, ಆಮೇಲೆ ಒಂದು ಮಾತು. ಇನ್ನೇನು ಬಾಗಿಲು ತೆರೆಯುತ್ತದೆ, ನಗಬೇಕಾಗುತ್ತದೆ, ಮಾತಾಡಬೇಕಾಗುತ್ತದೆ ಎಂದು ಹೆದರಿ ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದಿದ್ದಳು.

"ನೀನು ಹೊರಟಾಗ ಅವರು ಚೆನ್ನಾಗಿದ್ರಾ?" ಪ್ರಾಧ್ಯಾಪಕಿ ಕೇಳಿದರು. ದನಿಯಲ್ಲಿ ಅನುಮಾನವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ನಾನು ಒಳಗೆ ಹೋಗಲೇ ಇಲ್ಲ. ನಾಲ್ಕು ಪದ. ಈ ಭಾಷೆಯಲ್ಲೂ ಅವು ಅವಳಿಗೆ ಬರುತ್ತಿದ್ದವು.

"ಚೆನ್ನಾಗಿದ್ರು" ಎಂದಳು. "ಬಾಗಿಲವರೆಗೂ ಬಂದು ಕಳಿಸಿದ್ರು."

ಹೆಂಗಸು ಗೋಡೆಗೆ ಒರಗಿ ಉಸಿರುಬಿಟ್ಟಳು. "ಸದ್ಯ. ಹಾಗಾದ್ರೆ ನಾನು ಕೇಳಿದ್ದು ಬೇರೆ ಏನೋ. ಒಂದು ತಿಂಗಳಿಂದ ಅದೇ ಕೊರೀತಿತ್ತು ನನ್ನ." ಅವಳು ಬಂದು ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. ಸೋಪಿನ ನೀರಿನಲ್ಲಿ ನೆನೆದು ನೆನೆದು ಸುಕ್ಕಾದ ಕೈ. "ಕೊನೇ ದಿನ ಮಾತಿಗೆ ಒಬ್ಬರಾದ್ರೂ ಸಿಕ್ಕಿದ್ರಲ್ಲ. ನಿಮ್ಮ ಹೊಟ್ಟೆ ತಣ್ಣಗಿರಲಿ."

"ಕೂತ್ಕೋ, ಮುಖ ಬಿಳಿಚಿಕೊಂಡಿದೆ" ಎಂದರು ಪ್ರಾಧ್ಯಾಪಕಿ. ಆಳೊಬ್ಬ ಆಗ ತಾನೇ ಹೊತ್ತು ತಂದಿದ್ದ ಮರದ ಕುರ್ಚಿಯನ್ನು ಕಾಲುದಾರಿಯ ಮೇಲೆ ಇಟ್ಟ. ಅವಳು ಕೂತಳು. ಕೂತ ಜಾಗ ಒಬ್ಬರ ಮೈಗೆ ಸವೆದು ತಗ್ಗಾಗಿತ್ತು. ಅವಳಿಗೆ ಸರಿಯಾಗಿ ಹೊಂದಿತು.

ಪ್ರಾಧ್ಯಾಪಕಿಯೂ ಹೆಂಗಸೂ ಮನೆ ನೋಡಲು ಮೇಲೆ ಹೋದರು. ಆಳುಗಳು ಮಂಚದ ಹಲಗೆ ಏರಿಸಿದರು. ಹಾಸಿಗೆ ಏರಿಸಿದರು. ಬಕೆಟ್ಟನ್ನು ಒಳಕ್ಕೆ ಎಸೆದರು. ದಾರಿಹೋಕರು ಅವಳನ್ನು ಸುತ್ತಿಕೊಂಡು ಹೋದರು, ಯಾರೂ ನಿಲ್ಲಲಿಲ್ಲ.

"ಇನ್ನೇನಿದೆ?" ವ್ಯಾನಿನ ಒಳಗಿದ್ದವನು ಕೇಳಿದ.

"ಇದೊಂದೇ" ಎಂದ ಹೊರಗಿದ್ದವನು. ಅವನು ಕುರ್ಚಿಯ ಬೆನ್ನಿನ ಮೇಲೆ ಎರಡೂ ಕೈ ಇಟ್ಟು, ಅವಳು ಏಳಲಿ ಎಂದು ಕಾಯುತ್ತ ನಿಂತ.