ಲೈಬ್ರರಿಗೆ ಬಂದ ಒಂದನೇ ಕ್ಲಾಸಿನ ಟೀಚರು

ವರ್ಷಗಟ್ಟಲೆ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಟೀಚರಿಗೆ ಗಂಟಲಿನ ಆಪರೇಷನ್ ಆದ ಮೇಲೆ ಪಿಸುದನಿಯಷ್ಟೇ ಉಳಿಯಿತು. ಮುಖ್ಯೋಪಾಧ್ಯಾಯಿನಿ ಟೀಚರನ್ನು ಶಾಲೆಯ ಲೈಬ್ರರಿಗೆ ಹಾಕಿದರು.

“ಇಷ್ಟು ದಿನ ಪಾಠ ಮಾಡಿ ಗೊತ್ತಿಲ್ಲದವರು ಅಲ್ಲಿ ಕೂತಿದ್ರು. ಮಕ್ಕಳು ಬರ್ತಿದ್ರು, ಹೋಗ್ತಿದ್ರು, ಅಷ್ಟೆ. ಕ್ಲಾಸ್ ನಡೆಸಿದ ಕೈ ಬೇಕು ಅದಕ್ಕೆ,” ಎಂದರು.

ಟೀಚರು ಆ ಮಾತನ್ನು ಶಿರಸಾವಹಿಸಿದರು. ಗೋಡೆಗೆ ಒರಗಿ ಓದುತ್ತಿದ್ದವರನ್ನು ಎಬ್ಬಿಸಿ ಬೆಂಚಿನಲ್ಲಿ ಸಾಲಾಗಿ ಕೂರಿಸಿದರು. ಪುಸ್ತಕ ವಾಪಸು ತಂದವರಿಗೆ ಪ್ರಶ್ನೆ ಕೇಳಿದರು. ತಿಂಗಳು ತುಂಬುವಷ್ಟರಲ್ಲಿ ಬೆಂಚುಗಳು ಬಣಗುಟ್ಟತೊಡಗಿದವು.

“ದನಿ ಹೋದ್ರೂ ನಿನ್ನ ಬೆತ್ತ ಹೋಗಿಲ್ಲ ನೋಡು,” ಎಂದು ಗಂಡ ನಕ್ಕರು. ಟೀಚರಿಗೆ ನಗು ಬರಲಿಲ್ಲ.

ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ಬಿಡದೆ ಬರುತ್ತಿದ್ದಳು. ಇದ್ದುದರಲ್ಲೇ ದಪ್ಪ ಪುಸ್ತಕ ತೆಗೆದುಕೊಂಡು ಕಿಟಕಿಯ ಬಳಿ ಕೂರುತ್ತಿದ್ದಳು. ಹಿಂದೆ ಲೈಬ್ರರಿ ನೋಡಿಕೊಳ್ಳುತ್ತಿದ್ದವರು ಅವಳನ್ನು ಪುಸ್ತಕದ ಹುಳು ಎಂದು ಹೊಗಳುತ್ತಿದ್ದರಂತೆ. ಟೀಚರು ಕೆಲವು ದಿನ ಅವಳನ್ನೇ ಗಮನಿಸಿದರು. ಹಾಳೆ ಮಗುಚುತ್ತಿತ್ತು, ಕಣ್ಣು ಸಾಲಿನ ಮೇಲೆ ಓಡುತ್ತಿರಲಿಲ್ಲ; ಚಿತ್ರ ಬಂದಲ್ಲಿ ಮಾತ್ರ ನಿಲ್ಲುತ್ತಿತ್ತು. ಒಂದನೇ ತರಗತಿಯಲ್ಲಿ ಅಂಥ ಕಣ್ಣುಗಳನ್ನು ಅವರು ಎಷ್ಟೋ ನೋಡಿದ್ದರು. ಹುಡುಗಿಗೆ ಓದಲು ಬರುತ್ತಿರಲಿಲ್ಲ.

“ಎಲ್ಲಿ, ಇಲ್ಲಿಂದ ಇಲ್ಲೀವರೆಗೆ ಓದು.”

ಹಳೆಯ ಅಭ್ಯಾಸ, ಬಾಯಿ ಜಾರಿಬಿಟ್ಟಿತು. ಪಕ್ಕದಲ್ಲೇ ಕೂತಿದ್ದ ಇಬ್ಬರು ತಿರುಗಿ ನೋಡಿದರು. ಹುಡುಗಿ ಪುಸ್ತಕ ಮುಚ್ಚಿ ಎದ್ದು ಹೋದಳು. ಮರುದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ.

ಟೀಚರಿಗೆ ಊಟ ಸೇರಲಿಲ್ಲ. ಬೆಂಚುಗಳನ್ನು ಬದಿಗೆ ಸರಿಸಿ ನೆಲಕ್ಕೆ ಚಾಪೆ ಹಾಸಿದರು. ಪ್ರಶ್ನೆ ಕೇಳುವುದನ್ನು ಬಿಟ್ಟರು. ಒಂದು ಸಂಜೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದ ಹುಡುಗಿಯ ಪಕ್ಕ ಹೋಗಿ ಕೂತರು.

“ನಂದು ತಪ್ಪಾಯ್ತು ಕಣೇ. ನಾನು ಓದ್ತೀನಿ, ನೀನು ಕೇಳು. ನನ್ನ ದನಿ ನಿನ್ನ ಬಿಟ್ಟು ಯಾರಿಗೂ ಕೇಳಿಸಲ್ಲ.”

ಹುಡುಗಿ ತಲೆ ತಗ್ಗಿಸಿಯೇ ಕೇಳಿದಳು. “ಯಾರಿಗೂ ಹೇಳಲ್ವಾ?”

“ನಮ್ಮಮ್ಮನಾಣೆ, ಹೇಳಲ್ಲ.”

ಅಂದಿನಿಂದ ಶಾಲೆ ಬಿಟ್ಟ ಮೇಲೆ ಇಬ್ಬರೂ ಕಪಾಟಿನ ಹಿಂದೆ ಕೂರತೊಡಗಿದರು. ಟೀಚರು ಸಾಲಿನ ಕೆಳಗೆ ಬೆರಳಿಟ್ಟು ಪಿಸುಗುಟ್ಟಿದರೆ ಹುಡುಗಿಯೂ ಪಿಸುಗುಟ್ಟುತ್ತಿದ್ದಳು. ಒತ್ತಕ್ಷರ ಬಂದಲ್ಲಿ ಮುಗ್ಗರಿಸುತ್ತಿದ್ದಳು, ಅತ್ತುಬಿಡುತ್ತಿದ್ದಳು, ಮೂಗೊರೆಸಿಕೊಂಡು ಮತ್ತೆ ಹಿಡಿಯುತ್ತಿದ್ದಳು.

ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಮರಳಿದರು. ವರ್ಷದ ಕೊನೆಗೆ ಮುಖ್ಯೋಪಾಧ್ಯಾಯಿನಿ ಬಂದು ನೋಡಿ ಬೀಗಿದರು. “ಪಾಠ ಮಾಡಿದವರೇ ಬೇಕು ಅಂತ ನಾನು ಅವತ್ತೇ ಅಂದಿರಲಿಲ್ವಾ?”

“ಪಾಠ ಮಾಡಿದ್ದಕ್ಕೇ ಒಂದು ಮಗುವಿನ ಕಷ್ಟ ಗೊತ್ತಾಯ್ತು ಮೇಡಂ,” ಎಂದರು ಟೀಚರು. “ಅದೇ ಪಾಠದ ಅಭ್ಯಾಸದಿಂದ ಆ ಮಗೂನ ಓಡಿಸಿಯೂ ಬಿಟ್ಟಿದ್ದೆ.”

“ಯಾವ ಮಗು?”

ಟೀಚರು ಹೇಳಲಿಲ್ಲ.

ಆ ಸಲದ ಪರೀಕ್ಷೆಯಲ್ಲಿ ಹುಡುಗಿ ಪಾಸಾದದ್ದು ಎರಡೇ ವಿಷಯದಲ್ಲಿ. ಆದರೆ ಪ್ರಶ್ನೆಪತ್ರಿಕೆಯನ್ನು ಮೊದಲ ಬಾರಿಗೆ ತಾನೇ ಓದಿಕೊಂಡಿದ್ದಳು.