ಆಮೊರಿ ಗಂಟೆಯೊಳಗೆ

ಕಂಪ್ಯೂಟರ್ ವಿಭಾಗಕ್ಕೆ ಹುಡುಗಿಯರು ಬರುತ್ತಿಲ್ಲ, ನೀವು ಮನೆಮನೆಗೆ ಹೋಗಿ ಹೇಳಬೇಕು ಎಂದು ಕಾರ್ಕಳದ ಹಾದಿಯ ಇಂಜಿನಿಯರಿಂಗ್ ಕಾಲೇಜಿನವರು ಬರ್ತಾ ಟೀಚರನ್ನು ಕೇಳಿಕೊಂಡದ್ದು ಎರಡು ಸಾವಿರದ ಒಂದನೆಯ ಇಸವಿಯಲ್ಲಿ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರ ಮಾತನ್ನು ಯಾವ ಮನೆಯವರೂ ತೆಗೆದುಹಾಕುತ್ತಿರಲಿಲ್ಲ. ಕಾಪು, ಇನ್ನಂಜೆ, ಬಜಗೋಳಿ ಎಂದು ಬಸ್ಸು ಹತ್ತಿ ಇಳಿದು ತಿರುಗಿದರು. ತಾಯಂದಿರೆಲ್ಲ ಕೇಳಿದ್ದು ಒಂದೇ ಮಾತು, ಸಂಜೆ ಹುಡುಗಿ ಎಷ್ಟು ಹೊತ್ತಿಗೆ ಒಳಗೆ? ಬರ್ತಾ ತಮ್ಮ ಮನೆಯ ರೂಢಿಯನ್ನೇ ಹೇಳಿದರು: ಏಳಕ್ಕೆ ಇಗರ್ಜಿಯಲ್ಲಿ ಆಮೊರಿ ಎಂಬ ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸುವುದರೊಳಗೆ. ಕಾಲೇಜಿಗೆ ಪತ್ರ ಬರೆದು ಹಾಸ್ಟೆಲಿಗೂ ಅದೇ ನಿಯಮ ಮಾಡಿಸಿದರು. ಒಂಬತ್ತು ಹುಡುಗಿಯರು ಸೇರಿದರು.

ಅವರಲ್ಲಿ ಅನ್ನಪೂರ್ಣ ಒಬ್ಬಳು. ತಾಯಿ ರಾಚವ್ವ, ತಂದೆ ಹೊಳೆಪ್ಪ ಬಡಗಣ ಸೀಮೆಯಿಂದ ಬಂದು ಮಣಿಪಾಲದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದವರು. ಶಾಲೆಯಲ್ಲಿ ಗಣಿತಕ್ಕೆ ಅವಳನ್ನು ಮೀರಿಸುವವರಿರಲಿಲ್ಲ. ಅಂಥವಳು ಕಂಪ್ಯೂಟರ್ ಲ್ಯಾಬಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಮೂರನೆಯ ಸಲವೂ ಹೋದರೆ ಓದು ಸಾಕು ಎಂದು ಹೊಳೆಪ್ಪ ಊರಿನಲ್ಲಿ ಗಂಡು ನೋಡಿಟ್ಟ.

ಬರ್ತಾ ಕಾಲೇಜಿಗೆ ಹೋಗಿ ಲ್ಯಾಬು ನೋಡಿಕೊಳ್ಳುತ್ತಿದ್ದ ಲಿಯೋನೆಲನನ್ನು ವಿಚಾರಿಸಿದರು. ಹಗಲೆಲ್ಲ ತರಗತಿ, ಒಂದು ಕಂಪ್ಯೂಟರಿಗೆ ಮೂವರು. ಅಭ್ಯಾಸಕ್ಕೆ ಬಿಡುವಾಗುವುದು ಏಳರ ಮೇಲೆ, ಆಗ ಕೂರುವವರು ಹುಡುಗರು ಮಾತ್ರ.

"ಎಂತ ಮಾಡುವುದು ಟೀಚರ್? ಆ ನಿಯಮ ನೀವೇ ಮಾಡಿಸಿದ್ದಲ್ವಾ? ಪತ್ರ ಫೈಲಿನಲ್ಲಿ ಉಂಟು. ತಾಯಿ ಒಪ್ಪಿ ಹೆಬ್ಬೆಟ್ಟು ಒತ್ತಿದರೆ ನಾನು ಬಿಡುತ್ತೇನೆ."

ಮರುದಿನವೇ ಬರ್ತಾ ಮಣಿಪಾಲಕ್ಕೆ ಹೋದರು. ರಾಚವ್ವ ತಲೆಯ ಸಿಂಬಿ ತೆಗೆದು ಎಲ್ಲವನ್ನೂ ಕೇಳಿಸಿಕೊಂಡಳು.

"ಗಂಟಿ ಬಡಿಯೂದ್ರಾಗ ಒಳಗ ಇರ್ತಾಳ ಅಂತ ಕೈ ಹಿಡಿದು ಹೇಳಿದವ್ರು ನೀವ. ಈಗ ಕತ್ತಲಾಗ ಹೊರಗ ಬಿಡು ಅಂತೀರಿ. ಆತು, ನೀವು ಅಲ್ಲೆ ಕೂಡ್ತೀರೇನ್ರಿ? ಕೂಡೂದಾದ್ರ ಒತ್ತತೀನಿ."

ಗಂಡ ಲೂಯಿಸ್ ತೀರಿಹೋಗಿ ಆಗ ಐದು ತಿಂಗಳು. ಸಂಜೆ ಗಂಟೆಯ ಹೊತ್ತಿಗೆ ಅವರ ಪಟದ ಮುಂದೆ ದೀಪ ಹಚ್ಚಿ, ಜಪಮಣಿ ಹಿಡಿದು ತೇರ್ಸ ಹೇಳುವುದನ್ನು ಬರ್ತಾ ಒಂದು ದಿನವೂ ತಪ್ಪಿಸಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡರು. ರಾಚವ್ವ ಹೆಬ್ಬೆಟ್ಟು ಒತ್ತದೆ, ಸಿಂಬಿ ಇಟ್ಟುಕೊಂಡು ಇಟ್ಟಿಗೆಯ ರಾಶಿಯತ್ತ ನಡೆದಳು.

ಅನ್ನಪೂರ್ಣ ಮೂರನೆಯ ಸಲವೂ ಫೇಲಾದಳು. ಊರಿಗೆ ಹೊರಡುವ ಮುನ್ನ ಬಂದು ಕಾಲಿಗೆರಗಿದಳು. ಒಂದು ದಪ್ಪ ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟು, "ಯಾರಿಗಾದರೂ ಬೇಕಾದೀತು ಟೀಚರ್" ಎಂದಳು. ಹಾಸ್ಟೆಲಿನ ಕೋಣೆಯಲ್ಲಿ ಕುಳಿತು, ಲೆಕ್ಕ ಮಾಡಿದ ಹಾಗೆ, ಪ್ರೋಗ್ರಾಮುಗಳನ್ನೆಲ್ಲ ಅದರಲ್ಲಿ ಕೈಯಿಂದ ಬರೆದು ಕಲಿತಿದ್ದಳು. ಬರೆದು ಬರೆದು ಗಣಿತ ಬರುತ್ತದೆಂದು ಅವಳಿಗೆ ಹೇಳಿಕೊಟ್ಟವರು ಬರ್ತಾ ಟೀಚರೇ.

ಮಳೆಗಾಲದಲ್ಲಿ ಕಾಲೇಜು ತೆರೆದ ಮೇಲೆ ಬರ್ತಾ ಉಳಿದ ತಾಯಂದಿರ ಒಪ್ಪಿಗೆ ತಂದರು. ದಿನವೂ ಏಳರಿಂದ ಒಂಬತ್ತರವರೆಗೆ ಲ್ಯಾಬಿನ ಬಾಗಿಲಲ್ಲಿ ಕುಳಿತು, ಎಂಟು ಹುಡುಗಿಯರನ್ನೂ ಹಾಸ್ಟೆಲಿಗೆ ಮುಟ್ಟಿಸಿ ಮನೆಗೆ ಹೋಗುತ್ತಿದ್ದರು. ಗಂಟೆ ಬಾರಿಸಿದಾಗ ಎದ್ದು ನಿಂತು ಶಿಲುಬೆಯ ಗುರುತು ಮಾಡುತ್ತಿದ್ದರು. ಅನ್ನಪೂರ್ಣಳ ನೋಟುಪುಸ್ತಕ ಕಣ್ಣ ಮುಂದೆ ಬಂದು ಪ್ರಾರ್ಥನೆ ಮೊದಲ ಸಾಲಿನಿಂದ ಮುಂದೆ ಹೋಗುತ್ತಿರಲಿಲ್ಲ.